ಮೈಸೂರು ಸುತ್ತ ಲೋಕಲ್ ರೈಲು: ಕೆ.ಆರ್. ನಗರಕ್ಕೆ ಹಳಿ ಇದೆ, ಹುಣಸೂರು–ಪಿರಿಯಾಪಟ್ಟಣಕ್ಕೆ ಕಡತ ಇದೆ, ಕೋಟೆಗೆ ಏನಿದೆ?

ಕೊಪ್ಪ: ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ತನಕ ಹುಣಸೂರು, ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್‌ನಲ್ಲಿ ಮೈಸೂರು ಬಸ್ ಹತ್ತೋದೇ ಒಂದು ಕೆಲಸ. ಕಾಲೇಜು ಹುಡುಗರು, ಕೆ.ಆರ್. ಆಸ್ಪತ್ರೆಗೆ ಹೊರಟವರು, ಹೆಬ್ಬಾಳು–ಮೇಟಗಳ್ಳಿ ಫ್ಯಾಕ್ಟರಿ ಶಿಫ್ಟ್‌ಗೆ ಹೋಗೋರು, ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಕೆಲಸಕ್ಕೆ ಹೋಗೋರು ಎಲ್ಲರೂ ಒಂದೇ ಹೊತ್ತಿಗೆ ಹೊರಡ್ತಾರೆ. ಪ್ರತಿ ಚುನಾವಣೆಯಲ್ಲೂ ಇದಕ್ಕೆ ಒಂದೇ ಉತ್ತರ ಕೇಳಿಬರುತ್ತೆ: ‘ರೈಲು ಬರುತ್ತೆ’.

ರೈಲು ಬರುತ್ತೋ ಇಲ್ಲವೋ ಅನ್ನೋ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಬಂದರೆ ಯಾವ ರೈಲು, ಎಷ್ಟು ಹೊತ್ತಿಗೆ, ಊರಿನ ಯಾವ ಮೂಲೆಗೆ? ಮೈಸೂರಿನ ಸುತ್ತ ದಿನನಿತ್ಯ ಓಡಾಡೋರಿಗಾಗಿ ಲೋಕಲ್ ರೈಲು ಜಾಲ ಮಾಡೋದಾದರೆ ಈಗ ಏನಿದೆ, ಏನಿಲ್ಲ, ನಾಲ್ಕು ತಾಲ್ಲೂಕಿನವರು ಏನು ಗಮನಿಸಬೇಕು ಅನ್ನೋದರ ವಿವರ ಇಲ್ಲಿದೆ.

ಚುಟುಕಾಗಿ: ನಾಲ್ಕು ತಾಲ್ಲೂಕಿನ ಸ್ಥಿತಿ

* ಕೆ.ಆರ್. ನಗರ: ಮೈಸೂರು–ಹಾಸನ ಮಾರ್ಗದಲ್ಲಿದೆ. ನೂರು ವರ್ಷ ದಾಟಿದ ಹಳಿ. ರೈಲು ಇದೆ, ಆದರೆ ದಿನನಿತ್ಯದ ಓಡಾಟ ಹೆಚ್ಚಾಗಿ ಬಸ್‌ನಲ್ಲೇ.
* ಹುಣಸೂರು: ಹಳಿ ಇಲ್ಲ. ಬೆಳಗೊಳ–ಕುಶಾಲನಗರ ಹೊಸ ಮಾರ್ಗದ ಪ್ರಸ್ತಾವದಲ್ಲಿದೆ.
* ಪಿರಿಯಾಪಟ್ಟಣ (ಬೈಲಕುಪ್ಪೆ, ಕೊಪ್ಪ ಸೇರಿ): ಹಳಿ ಇಲ್ಲ. ಅದೇ ಪ್ರಸ್ತಾವದಲ್ಲಿದೆ.
* ಎಚ್.ಡಿ. ಕೋಟೆ: ಹಳಿ ಇಲ್ಲ. ಬೆಳಗೊಳ–ಕುಶಾಲನಗರ ಮಾರ್ಗ ಆದರೂ ತಾಲ್ಲೂಕಿಗೆ ತಾಗಲ್ಲ.

ಲೋಕಲ್ ರೈಲು ಅಂದ್ರೆ ಯಾವುದು?

ಎಕ್ಸ್‌ಪ್ರೆಸ್ ರೈಲು ದೂರದ ಊರಿಗೆ. ಲೋಕಲ್ ರೈಲು 30ರಿಂದ 90 ಕಿ.ಮೀ. ಒಳಗೆ ಬೆಳಿಗ್ಗೆ ಹೋಗಿ ಸಂಜೆ ಬರೋರಿಗೆ. ಇದಕ್ಕೆ ಮೂರು ಗುಣ ಬೇಕು. ಒಂದು, ಸಣ್ಣ ನಿಲ್ದಾಣದಲ್ಲೂ ನಿಲ್ಲಬೇಕು. ಎರಡು, ಬೆಳಿಗ್ಗೆ 9ಕ್ಕೆ ಮುಂಚೆ ಊರು ಮುಟ್ಟಿಸಬೇಕು, ಸಂಜೆ 6ರ ಮೇಲೆ ವಾಪಸ್ ಹೊರಡಬೇಕು. ಮೂರು, ಒಂದು ರೈಲು ತಪ್ಪಿದರೆ ಮುಂದಿನದು ಒಂದು ಗಂಟೆಯೊಳಗೆ ಇರಬೇಕು. ಮೂರನೆಯದು ಇಲ್ಲದಿದ್ದರೆ ಜನ ನಂಬಲ್ಲ, ಬಸ್ಸಿಗೇ ಹೋಗ್ತಾರೆ.

ಇಂಥ ಓಡಾಟಕ್ಕೆ ರೈಲ್ವೆ ಬಳಸೋದು ಮೆಮು ರೈಲು. ಇದಕ್ಕೆ ಬೇರೆ ಎಂಜಿನ್ ಜೋಡಿಸಬೇಕಿಲ್ಲ, ಮೋಟಾರು ಬೋಗಿಯಲ್ಲೇ ಇರುತ್ತೆ, ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುತ್ತೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ಹಾಕೋ ರಗಳೆ ಇಲ್ಲ. ಬಂದ ರೈಲು ಹತ್ತು–ಹದಿನೈದು ನಿಮಿಷದಲ್ಲಿ ವಾಪಸ್ ಹೊರಡಬಹುದು. ವಿದ್ಯುತ್ ತಂತಿ ಇಲ್ಲದ ಕಡೆ ಇದೇ ಮಾದರಿಯ ಡೀಸೆಲ್ ರೈಲು, ಅಂದ್ರೆ ಡೆಮು ಓಡುತ್ತೆ. 8 ಬೋಗಿಯ ಒಂದು ಮೆಮುವಿನಲ್ಲಿ ಕೂತೇ ಸುಮಾರು 600 ಮಂದಿ ಹೋಗಬಹುದು. ಬಸ್ ಲೆಕ್ಕದಲ್ಲಿ ಹೇಳೋದಾದರೆ ಹತ್ತು ಹನ್ನೆರಡು ಬಸ್ಸಿನ ಜನ.

ಮೈಸೂರಿಗೆ ಈಗಾಗಲೇ ಮೂರು ಕೈ ಇವೆ

ಮೈಸೂರು ಜಂಕ್ಷನ್‌ನಿಂದ ಮೂರು ದಿಕ್ಕಿಗೆ ಹಳಿ ಹೋಗುತ್ತೆ. ಹೊಸದಾಗಿ ಜಾಲ ಕಟ್ಟಬೇಕಿಲ್ಲ, ಮುಕ್ಕಾಲು ಪಾಲು ನೆಲದ ಮೇಲೇ ಇದೆ.

*ಪೂರ್ವಕ್ಕೆ:* ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ದಾರಿಯಾಗಿ ಬೆಂಗಳೂರಿಗೆ. 1882ರಲ್ಲಿ ಮೀಟರ್‌ಗೇಜ್ ರೈಲು ಮೈಸೂರು ಮುಟ್ಟಿದ್ದು ಇದೇ ದಾರಿಯಲ್ಲಿ. ಈಗ ಜೋಡಿ ಹಳಿ, ವಿದ್ಯುತ್ ಮಾರ್ಗ. ಮೂರು ಕೈಗಳಲ್ಲಿ ಇದೇ ಗಟ್ಟಿ.

*ದಕ್ಷಿಣಕ್ಕೆ:* ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ, ನಂಜನಗೂಡು, ಅಲ್ಲಿಂದ ಚಾಮರಾಜನಗರ. ಒಂಟಿ ಹಳಿ. ಚಾಮರಾಜಪುರಂ ನಿಲ್ದಾಣ ಊರ ಮಧ್ಯೆಯೇ ಇದೆ. ಮಹಾರಾಜ, ಯುವರಾಜ ಕಾಲೇಜಿನ ಕಡೆ ಹೋಗೋ ವಿದ್ಯಾರ್ಥಿಗಳಿಗೆ ಜಂಕ್ಷನ್‌ಗಿಂತ ಇದೇ ಹತ್ತಿರ. ಜಂಕ್ಷನ್‌ನಲ್ಲಿ ರೈಲು ನಿಲ್ಲಿಸೋಕೆ ಜಾಗ ಸಾಲದೆ ಬೆಂಗಳೂರಿನ ಕೆಲವು ರೈಲುಗಳನ್ನು ಅಶೋಕಪುರಂ ತನಕ ವಿಸ್ತರಿಸಲಾಗಿದೆ.

*ವಾಯವ್ಯಕ್ಕೆ:* ಬೆಳಗೊಳ, ಕೃಷ್ಣರಾಜಸಾಗರ, ಸಾಗರಕಟ್ಟೆ, ಡೋರನಹಳ್ಳಿ, ಕೆ.ಆರ್. ನಗರ, ಹೊಸ ಅಗ್ರಹಾರ, ಹೊಳೆನರಸೀಪುರ, ಹಾಸನ. ಒಂಟಿ ಹಳಿ. ಅರಸೀಕೆರೆ ತನಕದ ಈ ಮಾರ್ಗ 1918ರ ಹೊತ್ತಿಗೆ ಶುರುವಾಯ್ತು, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯ್ತು.

ಈ ಮೂರಕ್ಕೂ ಮೈಸೂರು ಜಂಕ್ಷನ್ ಒಂದೇ ಗಂಟು. ಕೆ.ಆರ್. ನಗರದಿಂದ ಬಂದ ರೈಲು ಜಂಕ್ಷನ್‌ನಲ್ಲೇ ನಿಂತುಬಿಟ್ಟರೆ ಪ್ಲಾಟ್‌ಫಾರಂ ತಿನ್ನುತ್ತೆ. ಅದೇ ರೈಲು ನಿಲ್ಲದೆ ಮುಂದೆ ಚಾಮರಾಜಪುರಂ, ಅಶೋಕಪುರಂ, ನಂಜನಗೂಡಿಗೆ ಹೋದರೆ ಪ್ಲಾಟ್‌ಫಾರಂ ಐದೇ ನಿಮಿಷಕ್ಕೆ ಖಾಲಿ. ಕೆ.ಆರ್. ನಗರದವರಿಗೆ ತಾಂಡವಪುರ, ನಂಜನಗೂಡು ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಬದಲಿ ರೈಲು ಹಿಡಿಯದೆ ಹೋಗಬಹುದು. ನಂಜನಗೂಡಿನವರು ಮೇಟಗಳ್ಳಿ ಕಡೆಗೆ ಬರಬಹುದು. ಲೋಕಲ್ ರೈಲು ಊರನ್ನು ದಾಟಿ ಹೋಗಬೇಕು ಅನ್ನೋದು ಇದಕ್ಕೇ.

ಕೆ.ಆರ್. ನಗರದ ಪಾಠ

‘ಹಳಿ ಬಂದರೆ ಎಲ್ಲ ಸರಿಹೋಗುತ್ತೆ’ ಅನ್ನೋರು ಒಮ್ಮೆ ಕೆ.ಆರ್. ನಗರ ನೋಡಬೇಕು. ನೂರು ವರ್ಷದಿಂದ ಹಳಿ ಇದೆ. ಆದರೂ ಮೈಸೂರಿಗೆ ಹೋಗೋರು ಮೊದಲು ಬಸ್ ಸ್ಟ್ಯಾಂಡ್ ಕಡೆಗೇ ಹೆಜ್ಜೆ ಹಾಕ್ತಾರೆ.

ಕಾರಣ ಕಷ್ಟದ್ದಲ್ಲ. ಬಸ್ ಮೇಲಿಂದ ಮೇಲೆ ಇರುತ್ತೆ. ರೈಲು ದಿನಕ್ಕೆ ಕೆಲವೇ ಸಲ, ಅದೂ ದೂರದ ಊರಿನ ಟೈಮಿಗೆ ಹೊಂದಿಸಿದ್ದು. ಹಾಸನದ ಆಚೆಯಿಂದ ಬರೋ ರೈಲು ಅಲ್ಲಿ ತಡವಾದರೆ ಇಲ್ಲೂ ತಡ. ಒಂಟಿ ಹಳಿ ಆಗಿರೋದರಿಂದ ಎದುರಿನಿಂದ ಎಕ್ಸ್‌ಪ್ರೆಸ್ ಬರ್ತಿದ್ದರೆ ಪ್ಯಾಸೆಂಜರ್ ರೈಲು ಯಾವುದಾದರೂ ನಿಲ್ದಾಣದ ಲೂಪ್‌ನಲ್ಲಿ ನಿಂತು ಕಾಯಬೇಕು. ಎರಡು ಕ್ರಾಸಿಂಗ್ ನಿಲ್ದಾಣದ ನಡುವೆ ರೈಲು ಓಡೋಕೆ 12 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಅಷ್ಟೂ ಹೊತ್ತು ಎದುರಿನ ರೈಲು ಹೊರಡೋ ಹಾಗಿಲ್ಲ. ಎರಡು ಕ್ರಾಸಿಂಗ್ ಆದರೆ ಅರ್ಧ ಗಂಟೆ ಹೋಯ್ತು. ಒಂಬತ್ತಕ್ಕೆ ಅಟೆಂಡೆನ್ಸ್ ಹಾಕಬೇಕಾದವರು ಈ ಜೂಜು ಆಡಲ್ಲ.

ರೇಟ್ ಕೂಡ ಒಂದು ಲೆಕ್ಕ. ಸಾಮಾನ್ಯ ಪ್ಯಾಸೆಂಜರ್ ರೈಲಿನ ಕನಿಷ್ಠ ಟಿಕೆಟ್ 10 ರೂಪಾಯಿ. ತಿಂಗಳ ಪಾಸ್ ಮಾಡಿಸಿದರೆ ಇನ್ನೂ ಅಗ್ಗ. ಗಂಡಸರಿಗೆ ಬಸ್‌ಗಿಂತ ಇದು ದೊಡ್ಡ ಉಳಿತಾಯ. ಆದರೆ 2023ರ ಜೂನ್‌ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ ಫ್ರೀ. ಅವರು ದುಡ್ಡು ಕೊಟ್ಟು ರೈಲು ಹತ್ತಬೇಕಾದರೆ ಸೀಟು ಸಿಗಬೇಕು, ಟೈಮಿಗೆ ಮುಟ್ಟಬೇಕು, ನಿಲ್ದಾಣದಲ್ಲಿ ದೀಪ, ಶೌಚಾಲಯ ಇರಬೇಕು. ಬರೀ ‘ರೈಲು ಅಗ್ಗ’ ಅನ್ನೋ ಮಾತು ಅರ್ಧ ಜನಕ್ಕೆ ಅನ್ವಯಿಸಲ್ಲ.

ಹಾಗಾಗಿ ಕೆ.ಆರ್. ನಗರಕ್ಕೆ ಬೇಕಾಗಿರೋದು ಹೊಸ ಹಳಿ ಅಲ್ಲ. ಕೆ.ಆರ್. ನಗರದಿಂದಲೇ ಹೊರಟು ಮೈಸೂರು ದಾಟಿ ಹೋಗೋ ಬೆಳಗಿನ ಎರಡು ರೈಲು, ಸಂಜೆ ಎರಡು ವಾಪಸ್ ರೈಲು. ಜೊತೆಗೆ ಮೇಟಗಳ್ಳಿ ಸುತ್ತಮುತ್ತ ಒಂದು ಹಾಲ್ಟ್. ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ, ಮೇಟಗಳ್ಳಿ–ಹೆಬ್ಬಾಳು ಕೈಗಾರಿಕಾ ಪ್ರದೇಶಕ್ಕೆ ಹೋಗೋರು ಜಂಕ್ಷನ್ ತನಕ ಹೋಗಿ ಮತ್ತೆ ಸಿಟಿ ಬಸ್‌ನಲ್ಲಿ ಹಿಂದಕ್ಕೆ ಬರೋದು ತಪ್ಪುತ್ತೆ.

ಬೆಳಗೊಳ–ಕುಶಾಲನಗರ: ಕಡತ ಎಲ್ಲಿಂದ ಎಲ್ಲಿಗೆ

ಕೊಡಗು ಜಿಲ್ಲೆಗೆ ಇವತ್ತಿಗೂ ರೈಲಿಲ್ಲ. ಮೈಸೂರಿನಿಂದ ಪಶ್ಚಿಮಕ್ಕೆ ಹಳಿ ಹಾಕಬೇಕು ಅನ್ನೋ ಮಾತು ಬ್ರಿಟಿಷರ ಕಾಲದಷ್ಟು ಹಳೇದು. ತಲಚೇರಿ ತನಕ ಒಯ್ಯೋ ಪ್ರಸ್ತಾವ ಕಾಡು ಮತ್ತು ಕೊಡಗಿನ ವಿರೋಧದ ಮುಂದೆ ಮತ್ತೆ ಮತ್ತೆ ನಿಂತಿದೆ. ಕುಶಾಲನಗರ ತನಕದ ಮಾರ್ಗ ಅದಕ್ಕಿಂತ ಚಿಕ್ಕದು, ಬಹುಪಾಲು ಮೈಸೂರು ಜಿಲ್ಲೆಯ ಬಯಲಿನಲ್ಲೇ ಹೋಗುವಂಥದ್ದು.

ಈ ಮಾರ್ಗದ ಉದ್ದ ಸುಮಾರು 87 ಕಿ.ಮೀ. ಹಾಸನ ಮಾರ್ಗದ ಬೆಳಗೊಳದಲ್ಲಿ ಕವಲೊಡೆದು ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಕುಶಾಲನಗರಕ್ಕೆ. 2019ರಲ್ಲಿ ಸುಮಾರು 1,854 ಕೋಟಿ ರೂಪಾಯಿ ಅಂದಾಜಿನಲ್ಲಿ ಒಪ್ಪಿಗೆ ಸಿಕ್ಕಿತು ಅನ್ನೋ ಘೋಷಣೆ ಆಯ್ತು. ಅದಾದ ಮೇಲೆ ಅಂತಿಮ ಸ್ಥಳ ಸಮೀಕ್ಷೆ ಕೈಗೆತ್ತಿಕೊಳ್ಳಲಾಯಿತು.

ಪೇಪರ್‌ನಲ್ಲಿ ‘ಒಪ್ಪಿಗೆ’, ‘ಸಮೀಕ್ಷೆ’, ‘ಮಂಜೂರು’ ಅನ್ನೋ ಮೂರು ಪದ ಒಂದೇ ಥರ ಕಾಣುತ್ತೆ. ರೈಲ್ವೆಯಲ್ಲಿ ಮೂರೂ ಬೇರೆ ಬೇರೆ. ಹಂತಗಳು ಹೀಗಿರುತ್ತವೆ:

1. ಆರಂಭಿಕ ಸಮೀಕ್ಷೆ: ಎಷ್ಟು ಜನ, ಎಷ್ಟು ಸರಕು, ಎಷ್ಟು ಖರ್ಚು ಅನ್ನೋ ಅಂದಾಜು.
2. ಅಂತಿಮ ಸ್ಥಳ ಸಮೀಕ್ಷೆ: ಹಳಿ ಯಾವ ಸರ್ವೆ ನಂಬರ್ ಮೇಲೆ ಹೋಗುತ್ತೆ, ನಿಲ್ದಾಣ, ಸೇತುವೆ ಎಲ್ಲಿ ಅನ್ನೋದು.
3. ವಿವರವಾದ ಯೋಜನಾ ವರದಿ, ಅಂದ್ರೆ ಡಿಪಿಆರ್.
4. ರೈಲ್ವೆ ಮಂಡಳಿ, ನೀತಿ ಆಯೋಗ, ಹಣಕಾಸು ಇಲಾಖೆ ಪರಿಶೀಲನೆ. ದೊಡ್ಡ ಮೊತ್ತ ಆದರೆ ಕೇಂದ್ರ ಸಂಪುಟದ ಒಪ್ಪಿಗೆ.
5. ಭೂಸ್ವಾಧೀನ, ಟೆಂಡರ್, ಕಾಮಗಾರಿ.

ಬಜೆಟ್ ಜೊತೆ ಬರೋ ಕಾಮಗಾರಿ ಪಟ್ಟಿಗೆ ‘ಪಿಂಕ್ ಬುಕ್’ ಅಂತಾರೆ. ಅದರಲ್ಲಿ ಹೆಸರಿದ್ದು ಮುಂದೆ 1,000 ರೂಪಾಯಿ ಅಂತ ಬರೆದಿದ್ದರೆ ಅದು ಕಡತ ಜೀವಂತ ಇಡೋಕೆ ಇಟ್ಟ ಟೋಕನ್ ದುಡ್ಡು. ನೂರಾರು ಕೋಟಿ ಇಟ್ಟಿದ್ದರೆ ಮಾತ್ರ ಕೆಲಸ ಶುರು. ಮುಂದಿನ ಸಲ ‘ಬಜೆಟ್‌ನಲ್ಲಿ ನಮ್ಮ ರೈಲು’ ಅಂತ ಫ್ಲೆಕ್ಸ್ ಕಂಡರೆ ಈ ಅಂಕಿ ಕೇಳಬೇಕು.

ಟೈಮ್ ಎಷ್ಟಾಗುತ್ತೆ ಅನ್ನೋದಕ್ಕೆ ಪಕ್ಕದಲ್ಲೇ ಉದಾಹರಣೆ ಇದೆ. ಶ್ರವಣಬೆಳಗೊಳ ಮೂಲಕ ಹಾಸನ–ಬೆಂಗಳೂರು ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ಪೂರ್ತಿ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಸುಮಾರು 20 ವರ್ಷ. ಅದೇ ಕಾಲದ ಹೆಜ್ಜಾಲ–ಚಾಮರಾಜನಗರ ಮಾರ್ಗದಲ್ಲಿ ಇನ್ನೂ ರೈಲಿಲ್ಲ. ಎರಡಕ್ಕೂ ವ್ಯತ್ಯಾಸ ಮಾಡೋದು ಎರಡೇ ವಿಷಯ: ಜಮೀನು ಕೈಗೆ ಸಿಗೋದು, ದುಡ್ಡು ಪ್ರತಿವರ್ಷ ಬರೋದು. ಕರ್ನಾಟಕದ ಹಲವು ಹೊಸ ಮಾರ್ಗಗಳಿಗೆ ರಾಜ್ಯ ಸರ್ಕಾರ ಜಮೀನು ಉಚಿತವಾಗಿ ಕೊಟ್ಟು ಖರ್ಚಿನಲ್ಲಿ ಅರ್ಧ ಹಾಕಿದೆ. ಹಾಗಾಗಿ ಪ್ರಶ್ನೆ ದೆಹಲಿಗೆ ಮಾತ್ರ ಅಲ್ಲ, ವಿಧಾನಸೌಧಕ್ಕೂ ಕೇಳಬೇಕು.

ಬೆಳಗೊಳದ ಕಿರುದಾರಿ

ಹೊಸ ಮಾರ್ಗ ಬಂದರೂ ಅದರ ರೈಲುಗಳು ಬೆಳಗೊಳದಿಂದ ಮೈಸೂರಿಗೆ ಈಗಿರೋ ಒಂಟಿ ಹಳಿಯ ಮೇಲೇ ಬರಬೇಕು. ಹಾಸನದ ರೈಲೂ ಅಲ್ಲೇ, ಕೆ.ಆರ್. ನಗರದ ಲೋಕಲ್ಲೂ ಅಲ್ಲೇ, ಕುಶಾಲನಗರದ್ದೂ ಅಲ್ಲೇ. ಎರಡು ಕಾಲುವೆಯ ನೀರನ್ನು ಒಂದು ಪೈಪಿಗೆ ಬಿಟ್ಟ ಹಾಗೆ. ಸುಮಾರು ಹತ್ತು ಕಿ.ಮೀ. ಇರೋ ಈ ತುಂಡು ಜೋಡಿ ಹಳಿ ಆಗದೆ ಹುಣಸೂರಿನ ಕಡೆಯಿಂದ ಗಂಟೆಗೊಂದು ರೈಲು ಓಡಿಸೋದು ಕಷ್ಟ. ಪಶ್ಚಿಮದ ತಾಲ್ಲೂಕುಗಳ ಬೇಡಿಕೆ ಪಟ್ಟಿಯಲ್ಲಿ ಈ ಸಣ್ಣ ತುಂಡಿನ ಹೆಸರು ಮೊದಲು ಬರಬೇಕು. ಇದರಿಂದ ಕೆ.ಆರ್. ನಗರಕ್ಕೆ ಲಾಭ ಮೊದಲೇ ಸಿಗುತ್ತೆ, ಹುಣಸೂರಿಗೆ ಹಳಿ ಬಂದ ದಿನ ಸಿಗುತ್ತೆ.

ಓಡಾಟದ ಸಮಯದ ಅಂದಾಜು ಹೀಗೆ. ಎಲ್ಲ ಕಡೆ ನಿಲ್ಲೋ ರೈಲು ಸರಾಸರಿ ಗಂಟೆಗೆ 50 ಕಿ.ಮೀ. ಹೋದರೂ ಹುಣಸೂರಿನಿಂದ ಮೈಸೂರಿಗೆ ಹೆಚ್ಚುಕಮ್ಮಿ ಒಂದು ಗಂಟೆ, ಕುಶಾಲನಗರದಿಂದ ಎರಡು ಗಂಟೆ. ಬಸ್‌ಗಿಂತ ಬಹಳ ಬೇಗ ಏನಲ್ಲ. ಲಾಭ ಇರೋದು ಬೇರೆ ಕಡೆ: ಊರೊಳಗಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳಲ್ಲ, ಚೀಲ ಇಟ್ಟುಕೊಳ್ಳೋಕೆ ಜಾಗ ಇರುತ್ತೆ, ವಾರಗಟ್ಟಲೆ ಅದೇ ಟೈಮಿಗೆ ಮುಟ್ಟಬಹುದು.

ಕೊಪ್ಪ: ದಡ ಯಾವುದು?

ಕೊಪ್ಪದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೊನೆಯ ನಿಲ್ದಾಣದ್ದು. ಕೊಪ್ಪ ಮೈಸೂರು ಜಿಲ್ಲೆಯ ತುದಿ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಕೊಡಗು. ರೈಲು ಹೊಳೆ ದಾಟಬೇಕಾದರೆ ಸೇತುವೆ ಬೇಕು, ಖರ್ಚು ಹೆಚ್ಚು, ಕೊಡಗಿನ ಪರಿಸರ ಸಂಘಟನೆಗಳ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಹೊಳೆ ದಾಟದೆ ಈಚೆ ದಡದಲ್ಲೇ ನಿಂತರೆ, ಹೆಸರು ಕುಶಾಲನಗರ ಅಂತಿದ್ದರೂ ನಿಲ್ದಾಣ ಪಿರಿಯಾಪಟ್ಟಣ ತಾಲ್ಲೂಕಿನದೇ ಆಗುತ್ತೆ.

ಈಚೆ ದಡದ ಪರವಾಗಿ ಹೇಳೋಕೆ ಮಾತಿದೆ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ಟಿಬೆಟನ್ ವಸತಿ ಇದೆ. ನಮ್ಡ್ರೋಲಿಂಗ್ ಮಠ, ಅಂದ್ರೆ ಎಲ್ಲರ ಬಾಯಲ್ಲಿರೋ ಗೋಲ್ಡನ್ ಟೆಂಪಲ್ ನೋಡೋಕೆ ಬರೋ ಪ್ರವಾಸಿಗರು ಈಗಾಗಲೇ ಇಲ್ಲಿಗೆ ಬರ್ತಾರೆ. ಕೊಪ್ಪದ ಹೋಟೆಲ್, ಆಟೋ, ಬೇಕರಿ ನಡೆಯೋದು ಅರ್ಧ ಅವರಿಂದಲೇ. ಆದರೆ ಕೊನೆಯ ನಿಲ್ದಾಣ ಅಂದರೆ ಬರೀ ಪ್ಲಾಟ್‌ಫಾರಂ ಅಲ್ಲ. ರೈಲು ನಿಲ್ಲಿಸೋ ಲೈನ್, ಗೂಡ್ಸ್ ಶೆಡ್, ಕ್ವಾರ್ಟರ್ಸ್, ರಸ್ತೆ, ಎಲ್ಲಕ್ಕೂ ಜಮೀನು ಹೋಗುತ್ತೆ. ಅಂಗಡಿಯವರಿಗೆ ಲಾಭ, ಜಮೀನಿನವರಿಗೆ ಚಿಂತೆ, ಎರಡೂ ಒಂದೇ ಊರಲ್ಲಿ ಇರುತ್ತೆ. ಪಂಚಾಯ್ತಿ ಸಭೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಮಾತಾಡೋದು ಡಿಪಿಆರ್ ಅಂತಿಮ ಆಗೋಕೆ ಮುಂಚೆ ಆಗಬೇಕು.

ಎಚ್.ಡಿ. ಕೋಟೆಗೆ ಏನು?

ಕೋಟೆ, ಸರಗೂರು ಕಡೆಗೆ ಹಳಿ ಬರೋ ಲಕ್ಷಣ ಇಲ್ಲ. ದಕ್ಷಿಣಕ್ಕೆ ನಾಗರಹೊಳೆ, ಬಂಡೀಪುರ ಕಾಡು, ಮಧ್ಯೆ ಕಬಿನಿ. ಆದರೆ ಕೋಟೆಯವರು ಈ ಜಾಲದ ಹೊರಗೆ ಇರಬೇಕಿಲ್ಲ. ಕೋಟೆ ಬಸ್ ಮೈಸೂರಿಗೆ ಬರೋದು ಮಾನಂದವಾಡಿ ರಸ್ತೆಯಲ್ಲಿ. ಆ ರಸ್ತೆ ರೈಲ್ವೆ ವರ್ಕ್‌ಶಾಪ್, ಅಶೋಕಪುರಂ ನಿಲ್ದಾಣದ ಮಗ್ಗುಲಲ್ಲೇ ಹಾದುಹೋಗುತ್ತೆ. ಅಲ್ಲಿ ಬಸ್ ನಿಲುಗಡೆ, ನಡೆದು ಹೋಗೋಕೆ ಒಳ್ಳೆ ದಾರಿ, ರೈಲಿನ ಟೈಮಿಗೆ ಹೊಂದೋ ಬಸ್ ಇಟ್ಟರೆ ಕೋಟೆಯಿಂದ ಬಂದವರು ಬೆಂಗಳೂರು ರೈಲನ್ನೇ ಅಶೋಕಪುರಂನಲ್ಲಿ ಹಿಡಿಯಬಹುದು. ಸಬರ್ಬನ್ ಸ್ಟ್ಯಾಂಡ್‌ಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಜಂಕ್ಷನ್‌ಗೆ ಓಡೋದು ಬೇಡ. ಇದಕ್ಕೆ ಹಳಿ ಬೇಡ, ಕೋಟಿಗಳೂ ಬೇಡ. ಸಾರಿಗೆ ನಿಗಮ ಮತ್ತು ರೈಲ್ವೆ ಒಂದು ಟೇಬಲ್‌ಗೆ ಬಂದರೆ ಸಾಕು.

ಅಂಗಡಿಯವರ ಲೆಕ್ಕ

ರೈಲು ಬಂದರೆ ಗಿರಾಕಿ ಮೈಸೂರಿಗೆ ಹೋಗಿಬಿಡ್ತಾನೆ ಅನ್ನೋ ಭಯ ಹಲವರಿಗಿದೆ. ಅದು ಸುಳ್ಳಲ್ಲ. ಮದುವೆ ಜವಳಿ, ಫರ್ನಿಚರ್, ಟಿವಿಗೆ ಈಗಲೇ ಜನ ಮೈಸೂರಿಗೆ ಹೋಗ್ತಾರೆ, ರೈಲು ಬಂದರೆ ಇನ್ನಷ್ಟು ಸುಲಭ. ಆದರೆ ಊರಲ್ಲೇ ಮನೆ ಇಟ್ಟುಕೊಂಡು ಮೈಸೂರಲ್ಲಿ ದುಡಿಯೋರು ಹೆಚ್ಚಾದರೆ ಅವರ ದಿನಸಿ, ಹಾಲು, ಔಷಧಿ, ಟ್ಯೂಷನ್, ಬಾಡಿಗೆ ಊರಲ್ಲೇ ಉಳಿಯುತ್ತೆ.

ರಸ್ತೆ ಜೊತೆ ಹೋಲಿಸಿ ನೋಡಿ. ಶ್ರೀರಂಗಪಟ್ಟಣದಿಂದ ಕುಶಾಲನಗರದ ಕಡೆಗೆ ಸುಮಾರು 92 ಕಿ.ಮೀ. ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್‌ 12ರಂದು ಮಂಡ್ಯದಲ್ಲಿ ಶಂಕುಸ್ಥಾಪನೆ ಆಯ್ತು. ಅದೇ ದಿನ ಬೆಂಗಳೂರು–ಮೈಸೂರು ದಶಪಥವನ್ನೂ ಉದ್ಘಾಟಿಸಲಾಯಿತು. ಬೈಪಾಸ್ ಆದಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು ಕಡೆಯ ಹೋಟೆಲ್, ಬೊಂಬೆ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಕಮ್ಮಿಯಾದ ಸುದ್ದಿ ಎಲ್ಲರಿಗೂ ಗೊತ್ತು. ಬೈಪಾಸ್ ಊರನ್ನು ಬಿಟ್ಟು ಹೋಗುತ್ತೆ. ರೈಲು ಊರಲ್ಲಿ ನಿಲ್ಲುತ್ತೆ, ಇಳಿದ ಜನ ನಡ್ಕೊಂಡೇ ಪೇಟೆಗೆ ಬರ್ತಾರೆ.

ಆದರೆ ಅದು ನಿಲ್ದಾಣ ಪೇಟೆ ಹತ್ತಿರ ಇದ್ದರೆ ಮಾತ್ರ. ಜಮೀನು ಅಗ್ಗ ಅಂತ ಊರಿಂದ ನಾಲ್ಕೈದು ಕಿ.ಮೀ. ಆಚೆ ನಿಲ್ದಾಣ ಕಟ್ಟಿದರೆ 10 ರೂಪಾಯಿ ಟಿಕೆಟ್‌ಗೆ 60 ರೂಪಾಯಿ ಆಟೋ ಬೀಳುತ್ತೆ. ಅಂಥ ನಿಲ್ದಾಣ ಲೋಕಲ್ ರೈಲಿಗೆ ದಂಡ. ಹುಣಸೂರು, ಪಿರಿಯಾಪಟ್ಟಣದ ವರ್ತಕರ ಸಂಘಗಳು ನಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಬಸ್ ಸ್ಟ್ಯಾಂಡ್‌ನಿಂದ ನಿಲ್ದಾಣಕ್ಕೆ ಎಷ್ಟು ದೂರ ಅನ್ನೋದು.

ಸರಕಿನ ಮಾತೂ ಇದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಂಬಾಕಿನ ಸೀಮೆ. ಕಟ್ಟೆಮಳಲವಾಡಿ, ಕಂಪಲಾಪುರದಂಥ ಹರಾಜು ಮಾರುಕಟ್ಟೆಗಳ ಬೇಲ್‌ಗಳು, ಶುಂಠಿ, ಮುಸುಕಿನ ಜೋಳ, ಕೊಡಗಿನ ಕಾಫಿ ಎಲ್ಲ ಲಾರಿಯಲ್ಲೇ ಹೋಗೋದು. ಹೊಸ ಮಾರ್ಗಕ್ಕೆ ದುಡ್ಡು ಹಾಕುವಾಗ ರೈಲ್ವೆ ನೋಡೋದು ಎಷ್ಟು ವಾಪಸ್ ಬರುತ್ತೆ ಅನ್ನೋದನ್ನ, ಅದರಲ್ಲಿ ಸರಕಿನ ಪಾಲು ದೊಡ್ಡದು. ಗೂಡ್ಸ್ ಶೆಡ್ ಕೇಳೋದು ಪ್ರಯಾಣಿಕರ ರೈಲಿಗೂ ಬಲ.

ಜಮೀನು ಇರೋರು ಗಮನಿಸಿ

ಹೆದ್ದಾರಿಗೆ ಜಮೀನು ಹೋದ ಊರುಗಳ ಪಕ್ಕದಲ್ಲೇ ರೈಲಿನ ಸಮೀಕ್ಷೆಯೂ ಆಗಿದೆ. ಸರ್ವೆ ಕಲ್ಲು ನೆಟ್ಟ ಮಾತ್ರಕ್ಕೆ ಜಮೀನು ಹೋಗಲ್ಲ, ಅಧಿಸೂಚನೆ ಆಗಬೇಕು.

* ರೈಲ್ವೆ ಕಾಯ್ದೆಯಡಿ ಸ್ವಾಧೀನ ಆದರೆ 20ಎ ಅಧಿಸೂಚನೆ ಪ್ರಕಟವಾದ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಲಿಖಿತವಾಗಿಯೇ ಕೊಡಬೇಕು. ರಾಜ್ಯದಲ್ಲಿ ಕೆಐಎಡಿಬಿ ಮೂಲಕವೂ ರೈಲ್ವೆಗೆ ಜಮೀನು ಪಡೆಯೋದುಂಟು. ನೋಟಿಸ್ ಯಾವ ಕಾಯ್ದೆಯದು ಅನ್ನೋದನ್ನ ಮೊದಲು ನೋಡಿ.
* ಪಹಣಿಯಲ್ಲಿ ತಾತನ ಹೆಸರೇ ಇದ್ದರೆ ಪೌತಿ ಖಾತೆ ಈಗಲೇ ಮಾಡಿಸಿ. ಜಂಟಿ ಖಾತೆ, ಪೋಡಿ ಆಗದ ಜಮೀನಿನಲ್ಲಿ ಪರಿಹಾರದ ದುಡ್ಡು ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತೆ.
* ಮನೆ, ಬೋರ್‌ವೆಲ್, ತೆಂಗು, ಅಡಿಕೆ, ತಂಬಾಕು ಬ್ಯಾರನ್ ಇದ್ದರೆ ಜಂಟಿ ಅಳತೆ ದಿನ ಖುದ್ದಾಗಿ ಇದ್ದು ಬರೆಸಿ.
* ಜಮೀನು ಎರಡು ಪಾಲಾದರೆ ಆಚೆ ಹೋಗೋಕೆ ದಾರಿ ಎಲ್ಲಿ ಅಂತ ಕೇಳಿ. ಹೊಸ ಮಾರ್ಗದಲ್ಲಿ ಗೇಟ್ ಬದಲು ಹೆಚ್ಚಾಗಿ ಕೆಳಸೇತುವೆ ಮಾಡ್ತಾರೆ. ಮಳೆಗಾಲದಲ್ಲಿ ನೀರು ನಿಂತರೆ ಟ್ರ್ಯಾಕ್ಟರ್ ಹೋಗಲ್ಲ. ಚರಂಡಿ ಎಲ್ಲಿಗೆ ಬಿಡ್ತಾರೆ ಅನ್ನೋದು ನಕ್ಷೆಯಲ್ಲೇ ಇರಬೇಕು.

ಬೇರೆ ಊರಿನವರು ಹೇಗೆ ಮಾಡಿದರು?

ಬೆಂಗಳೂರಿನಲ್ಲಿ ಸಬರ್ಬನ್ ರೈಲಿನ ಮಾತು 1980ರ ದಶಕದಲ್ಲೇ ಬಂತು. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ. ನಾಲ್ಕು ಮಾರ್ಗ, 148 ಕಿ.ಮೀ., 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ. ಎಲ್ಲ ಹೊಸ ಹಳಿ, ಹೊಸ ನಿಲ್ದಾಣ ಅಂತ ಹೊರಟರೆ ಒಂದು ತಲೆಮಾರು ಕಾಯಬೇಕು ಅನ್ನೋದಕ್ಕೆ ಇದೇ ಸಾಕ್ಷಿ.

ಕೊಯಮತ್ತೂರಿನವರು ಬೇರೆ ದಾರಿ ಹಿಡಿದರು. ಅಲ್ಲಿಂದ ಮೇಟುಪಾಳ್ಯಂಗೆ ಸುಮಾರು 36 ಕಿ.ಮೀ., ಹೆಚ್ಚುಕಮ್ಮಿ ಮೈಸೂರು–ಕೆ.ಆರ್. ನಗರದಷ್ಟೇ. ಇರೋ ಹಳಿಯಲ್ಲೇ ದಿನಕ್ಕೆ ಹಲವು ಸಲ ಮೆಮು ಹೋಗಿಬರುತ್ತೆ. ಜರ್ಮನಿಯ ಕಾರ್ಲ್ಸ್‌ರೂಹ ಮೈಸೂರಿಗಿಂತ ಸಣ್ಣ ಊರು, ಸುಮಾರು 3 ಲಕ್ಷ ಜನ. ಅಲ್ಲಿ 1992ರಲ್ಲಿ ಊರೊಳಗಿನ ಟ್ರಾಮನ್ನೇ ಮುಖ್ಯ ರೈಲು ಹಳಿಗೆ ಹತ್ತಿಸಿ ಪಕ್ಕದ ಬ್ರೆಟ್ಟನ್ ಪಟ್ಟಣಕ್ಕೆ ಓಡಿಸಿದರು. ಹಳ್ಳಿಯವರು ಬದಲಿ ವಾಹನ ಹಿಡಿಯದೆ ಪೇಟೆ ಬೀದಿಗೇ ಬಂದು ಇಳಿಯುವಂತಾಯ್ತು. ಎರಡೂ ಊರು ಹೇಳೋದು ಒಂದೇ: ಇರೋ ಹಳಿಯನ್ನು ಮೊದಲು ಪೂರ್ತಿ ಬಳಸಿ.

ಕೇಳೋದು ಯಾರನ್ನ, ಏನನ್ನ?

ಇಲ್ಲೊಂದು ತೊಡಕಿದೆ. ನಾಲ್ಕು ತಾಲ್ಲೂಕು, ಮೂವರು ಸಂಸದರು. ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗು ಕ್ಷೇತ್ರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ ಸೇರುತ್ತೆ. ಪ್ರತಿ ಊರೂ ಬೇರೆ ಬೇರೆ ಮನವಿ ಕೊಟ್ಟರೆ ಮೂರು ಕಡತ ಮೂರು ದಿಕ್ಕಿಗೆ ಹೋಗುತ್ತೆ. ಮನವಿ ಒಂದೇ ಆಗಿ ಮೂವರಿಗೂ, ಮೈಸೂರಿನ ವಿಭಾಗೀಯ ರೈಲ್ವೆ ಕಚೇರಿಗೂ ಹೋಗಬೇಕು.

ಅದರಲ್ಲಿ ಬರೆಯಬೇಕಾದದ್ದು, ಬೇಗ ಆಗೋದರಿಂದ ತಡವಾಗಿ ಆಗೋದರ ಕ್ರಮದಲ್ಲಿ:

1. ಮುಂದಿನ ವೇಳಾಪಟ್ಟಿ ಪರಿಷ್ಕರಣೆಯಲ್ಲೇ ಕೆ.ಆರ್. ನಗರ–ಮೈಸೂರು–ನಂಜನಗೂಡು ಬೆಳಿಗ್ಗೆ, ಸಂಜೆ ಲೋಕಲ್.
2. ಅಶೋಕಪುರಂ ನಿಲ್ದಾಣಕ್ಕೆ ಕೋಟೆ ಬಸ್‌ಗಳ ಜೋಡಣೆ, ಮೇಟಗಳ್ಳಿ ಬಳಿ ಹಾಲ್ಟ್.
3. ಮೈಸೂರು–ಬೆಳಗೊಳ ಜೋಡಿ ಹಳಿ.
4. ಬೆಳಗೊಳ–ಕುಶಾಲನಗರ ಮಾರ್ಗವನ್ನು ಹುಣಸೂರು ತನಕ ಮೊದಲ ಹಂತವಾಗಿ ಮುಗಿಸಿ ರೈಲು ಬಿಡೋದು. 87 ಕಿ.ಮೀ. ಪೂರ್ತಿ ಆಗಲಿ ಅಂತ ಕಾಯೋದು ಬೇಡ.
5. ಕೊಪ್ಪ, ಪಿರಿಯಾಪಟ್ಟಣ, ಹುಣಸೂರಿನ ನಿಲ್ದಾಣದ ಜಾಗ ಡಿಪಿಆರ್ ಅಂತಿಮ ಆಗೋಕೆ ಮುಂಚೆ ಸಾರ್ವಜನಿಕವಾಗಿ ತೋರಿಸೋದು.

ಮೊದಲ ಎರಡಕ್ಕೆ ಒಂದು ಎಕರೆ ಜಮೀನೂ ದೊಡ್ಡದಾಗಿ ಬೇಕಿಲ್ಲ, ಕೇಂದ್ರ ಸಂಪುಟವೂ ಬೇಕಿಲ್ಲ. ಅವೆರಡು ಆಗದಿದ್ದರೆ ನಾಳೆ ಹುಣಸೂರು, ಪಿರಿಯಾಪಟ್ಟಣ, ಕೊಪ್ಪಕ್ಕೆ ಹಳಿ ಬಂದರೂ ಕೆ.ಆರ್. ನಗರದ್ದೇ ಕಥೆ: ನಿಲ್ದಾಣ ಇರುತ್ತೆ, ಜನ ಬಸ್ ಸ್ಟ್ಯಾಂಡ್‌ನಲ್ಲಿ ಇರ್ತಾರೆ.